ದಾದಾ ಮಿಲಿಟರಿಯಲ್ಲಿದ್ದರು: ಒಂದು ಮನೆಮಾತಿನ ಸನದ್ ಹುಡುಕುತ್ತಾ

"ದಾದಾ ಮಿಲಿಟರಿಯಲ್ಲಿದ್ದರು" ಎಂಬ ಮಾತು ನಮ್ಮ ಸಮುದಾಯದ ಎಷ್ಟೋ ಮನೆಗಳಲ್ಲಿದೆ. ಯಾವ ಮಿಲಿಟರಿ, ಯಾವ ದೇಶ, ಯಾವ ಇಸವಿ ಎಂದು ಕೇಳಿದರೆ ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗೋಡೆಯ ಮೇಲೆ ಫೋಟೋ ಇರುವುದಿಲ್ಲ. ಟ್ರಂಕಿನಲ್ಲಿ ಕಾಗದ ಇರುವುದಿಲ್ಲ. ಇದ್ದ ಒಂದು ಪದಕವನ್ನು ಯಾವುದೋ ಕಷ್ಟಕಾಲದಲ್ಲಿ ಹಳೇ ಪಾತ್ರೆಯವನಿಗೆ ಕೊಟ್ಟಿರುತ್ತಾರೆ. ನಮ್ಮ ಮನೆಯ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಆದರೂ ನಾವು ಮೊಮ್ಮಕ್ಕಳು ಸೇರಿ ಹುಡುಕಲು ಹೊರಟೆವು. ಹುಡುಕಿದ ದಾರಿಯನ್ನೂ ಸಿಕ್ಕಿದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಇದೇ ಪ್ರಶ್ನೆ ಇಟ್ಟುಕೊಂಡಿರುವ ಬೇರೆ ಮನೆಗಳಿಗೂ ಇದು ಉಪಯೋಗವಾಗಬಹುದು.

ಮೊದಲು ಆ ಕಾಲದ ಲೆಕ್ಕವನ್ನು ನೋಡೋಣ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಇದ್ದವರು ಸುಮಾರು 2 ಲಕ್ಷ ಮಂದಿ. 1945ರಲ್ಲಿ ಯುದ್ಧ ಮುಗಿಯುವ ವೇಳೆಗೆ ಅದು ಸುಮಾರು 25 ಲಕ್ಷಕ್ಕೆ ಏರಿತ್ತು. ಕಾನೂನಿನ ಬಲವಂತದಿಂದ ಯಾರನ್ನೂ ಸೇರಿಸಿಕೊಂಡಿರಲಿಲ್ಲ. ಹೆಚ್ಚಿನವರನ್ನು ಎಳೆದದ್ದು ಹೊಟ್ಟೆಪಾಡು. ಅವರಲ್ಲಿ ಸುಮಾರು 87 ಸಾವಿರ ಮಂದಿ ಮರಳಲಿಲ್ಲ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ನಮ್ಮ ಜಿಲ್ಲೆಗಳ ಮುಸ್ಲಿಮ್ ಯುವಕರೂ ಇದ್ದರು ಎಂಬುದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ ಅವರ ಬಗ್ಗೆ ಅವರವರ ಮನೆಗಳಲ್ಲೇ ಇಷ್ಟು ಕಡಿಮೆ ಗೊತ್ತಿರುವುದು.

ಪಂಜಾಬಿನ ಕುಟುಂಬಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಮೊದಲ ಮಹಾಯುದ್ಧಕ್ಕೆ ಹೋದ ಅಲ್ಲಿನ ಸೈನಿಕರ ಹೆಸರುಗಳನ್ನು ಊರೂರಿನ ಪ್ರಕಾರ ಬರೆದಿಟ್ಟ ದಫ್ತರುಗಳು ಲಾಹೋರ್ ಮ್ಯೂಸಿಯಮ್ಮಿನಲ್ಲಿ ಉಳಿದಿದ್ದವು. ಸುಮಾರು 3 ಲಕ್ಷ 20 ಸಾವಿರ ಹೆಸರುಗಳ ಆ ದಫ್ತರುಗಳನ್ನು 2021ರಿಂದ ಇಂಟರ್‌ನೆಟ್ಟಿನಲ್ಲಿ ಹಾಕಲಾಗುತ್ತಿದೆ. ನಮ್ಮ ಕಡೆಯವರಿಗೆ ಅಂತಹ ಸಿದ್ಧ ಪಟ್ಟಿಯ ಆಸರೆಯಿಲ್ಲ. ನಾವು ಮನೆಯ ಮಾತಿನಿಂದಲೇ ಆರಂಭಿಸಬೇಕು.

ಎರಡು ಕಥೆಗಳು

ನಮ್ಮ ಊರು ತುಮಕೂರು ಜಿಲ್ಲೆಯ ಶಿರಾ ಸೀಮೆ. ದಾದಾ ಅವರ ಬಗ್ಗೆ ಮನೆಯಲ್ಲಿ ಎರಡು ಕಥೆಗಳಿದ್ದವು. ಬಡೇ ಅಬ್ಬಾ ಹೇಳುತ್ತಿದ್ದುದು ದೊಡ್ಡ ಕಥೆ. ದಾದಾ ಆಝಾದ್ ಹಿಂದ್ ಫೌಜಿನಲ್ಲಿದ್ದರು, ನೇತಾಜಿಯವರ ಕೈ ಕುಲುಕಿದ್ದರು, ಬರ್ಮಾದ ಕಾಡು ದಾಟಿ ಬಂದಿದ್ದರು. ಮೊಹಲ್ಲಾದ ಸ್ವಾತಂತ್ರ್ಯ ದಿನಾಚರಣೆಗಳಲ್ಲಿ ಈ ಕಥೆ ಒಂದೆರಡು ಬಾರಿ ಮೈಕಿನಲ್ಲೂ ಬಂದಿತ್ತು. ಫುಪ್ಪು ಹೇಳುತ್ತಿದ್ದುದು ಚಿಕ್ಕ ಕಥೆ. ದಾದಾ ಜಪಾನಿಯರ ಸೆರೆಯಲ್ಲಿದ್ದರು, ಬಂದರಿನಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದರು, ಮನೆಗೆ ಬಂದಾಗ ಗುರುತು ಹಿಡಿಯಲಾಗದಷ್ಟು ಸೊರಗಿದ್ದರು. ಈ ಕಥೆಯನ್ನು ಯಾರೂ ಮೈಕಿನಲ್ಲಿ ಹೇಳಿರಲಿಲ್ಲ.

ಯಾವುದು ನಿಜ? ಇದು ಬರೀ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಮನೆಯ ಮಕ್ಕಳು ಶಾಲೆಯಲ್ಲಿ ದಾದಾ ಅವರ ಬಗ್ಗೆ ಬರೆಯಲು ಕೇಳಿದಾಗ ನಾವು ಏನು ಹೇಳಬೇಕು? ದೊಡ್ಡ ಕಥೆ ಹೇಳಿದರೆ ಮಕ್ಕಳಿಗೆ ಹೆಮ್ಮೆ. ಆದರೆ ಮರಣ ಹೊಂದಿದವರ ಹೆಸರಿನಲ್ಲಿ ಅವರು ಮಾಡದ್ದನ್ನು ಸೇರಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ಅವರು ಅನುಭವಿಸಿದ್ದನ್ನು ಅಳಿಸುವ ಹಕ್ಕು ಎಲ್ಲಿಂದ ಬಂತು?

ಈ ಸಂದರ್ಭದಲ್ಲಿ ನಮಗೆ ನೆನಪಾದದ್ದು ಹದೀಸ್ ವಿದ್ವಾಂಸರ ಕ್ರಮ. ಒಂದು ಮಾತು ಕೇಳಲು ಚೆನ್ನಾಗಿದೆ ಎಂಬ ಕಾರಣಕ್ಕೆ ಅವರು ಅದನ್ನು ಒಪ್ಪಲಿಲ್ಲ. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಇಬ್ಬರೂ ಒಂದೇ ಕಾಲದವರೇ, ನೆನಪು ಗಟ್ಟಿಯಾಗಿತ್ತೇ ಎಂದು ವಿಚಾರಿಸಿದರು. ಇಬ್ಬರು ರಾವಿಗಳು ಒಂದೇ ಕಾಲದಲ್ಲಿ ಬದುಕಿದ್ದರೆ ಸಾಲದು, ಭೇಟಿಯಾಗಿದ್ದೂ ಸಿದ್ಧವಾಗಬೇಕು ಎಂಬುದು ಇಮಾಮ್ ಬುಖಾರಿ(ರ) ಅವರ ಬಿಗಿ ನಿಯಮವಾಗಿತ್ತು. ಮನೆಯ ಕಥೆಗಳು ಹದೀಸ್ ಅಲ್ಲ, ಅವುಗಳ ಸ್ಥಾನವೂ ಅದಲ್ಲ. ಆದರೆ ನಮ್ಮ ಹಿರಿಯ ವಿದ್ವಾಂಸರು ಕಲಿಸಿದ ಈ ಶಿಸ್ತನ್ನು ಮನೆಯ ಮಾತಿಗೂ ಹಚ್ಚಿ ನೋಡಿದರೆ ತಪ್ಪೇನು?

ಹಚ್ಚಿ ನೋಡಿದೆವು. ಬಡೇ ಅಬ್ಬಾ ಅವರಿಗೆ ಕಥೆ ಬಂದದ್ದು ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕೂರುತ್ತಿದ್ದ ಹಿರಿಯರೊಬ್ಬರಿಂದ. ಆ ಹಿರಿಯರು ಸೈನ್ಯದಲ್ಲಿ ಇದ್ದವರಲ್ಲ. ಅವರಿಗೆ ಯಾರು ಹೇಳಿದರು ಎಂಬಲ್ಲಿಗೆ ಸರಪಳಿ ತುಂಡಾಗುತ್ತದೆ. ಫುಪ್ಪು ಅವರಿಗೆ ಹೇಳಿದ್ದು ದಾದಿ. ದಾದಿಗೆ ಹೇಳಿದ್ದು ಸ್ವತಃ ದಾದಾ. ಈ ಸನದ್ ಚಿಕ್ಕದು, ನೇರವಾದದ್ದು. ಆದರೆ ಸನದ್ ಒಂದೇ ಸಾಲದು, ಮಾತಿನ ಒಳಗಿನ ವಿಷಯವೂ ನಿಲ್ಲಬೇಕು. ಆದ್ದರಿಂದ ಬೇರೆ ಸಾಕ್ಷ್ಯ ಬೇಕಾಗಿತ್ತು.

ಕೋಳಿ ಎಣಿಸುವ ಭಾಷೆ

ಕಾಗದ ಇಲ್ಲದ ಮನೆಯಲ್ಲೂ ಮಾತು ಉಳಿದಿರುತ್ತದೆ. ದಾದಾ ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುವಾಗ "ಇಚಿ, ನಿ, ಸಾನ್, ಶಿ" ಎಂದು ಎಣಿಸುತ್ತಿದ್ದರಂತೆ. ಫುಪ್ಪು ಮತ್ತು ಅವರ ತಂಗಿಯರು ಅದನ್ನು ಆಟದ ಮಾತು ಎಂದುಕೊಂಡು ತಾವೂ ಕಲಿತಿದ್ದರು. ಅದು ಜಪಾನಿ ಭಾಷೆಯಲ್ಲಿ ಒಂದು, ಎರಡು, ಮೂರು, ನಾಲ್ಕು. ಜಪಾನಿಯರ ಯುದ್ಧಕೈದಿ ಶಿಬಿರಗಳಲ್ಲಿ ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರೂ ತಮ್ಮ ಸಂಖ್ಯೆಯನ್ನು ಜಪಾನಿಯಲ್ಲೇ ಕೂಗಬೇಕೆಂದು ಹೇಳುತ್ತಿದ್ದರು. ತಪ್ಪಿದವನಿಗೆ ಹೊಡೆತ ಬೀಳುತ್ತಿತ್ತು. ಊಟಕ್ಕೆ ದಾದಾ ತಮಾಷೆಯಾಗಿ "ಮಕಾನ್" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಕಾನ್ ಎಂದರೆ ಮನೆ. ಆದ್ದರಿಂದ ಎಲ್ಲರೂ ನಗುತ್ತಿದ್ದರು. ಮಲಯ ಭಾಷೆಯಲ್ಲಿ ಅದರ ಅರ್ಥ ಊಟ ಮಾಡುವುದು.

ಈ ನಾಲ್ಕೈದು ಪದಗಳೇ ಎಷ್ಟೋ ಹೇಳುತ್ತವೆ. ಇದೇ ಯುದ್ಧದಲ್ಲಿ ನಮ್ಮ ನಾಡಿನವರು ಈಜಿಪ್ಟ್, ಇಟಲಿ, ಇರಾಕ್ ಕಡೆಗೂ ಹೋಗಿದ್ದರು. ಆ ಮರಳುಗಾಡಿನಲ್ಲಿ ಮಲಯ ಮಾತು ಯಾರಿಗೂ ಬರುವುದಿಲ್ಲ. ಮಲಯ ಮತ್ತು ಜಪಾನಿ ಎರಡೂ ಒಟ್ಟಿಗೆ ಕಿವಿಗೆ ಬೀಳುವ ಸ್ಥಳ ಎಂದರೆ ಜಪಾನಿಯರ ವಶದಲ್ಲಿದ್ದ ಮಲಯ ಸೀಮೆ, ಸಿಂಗಪುರ.

ಚಾಂದ್ರಮಾನದ ಲೆಕ್ಕ

ಇನ್ನು ಇಸವಿ. ದಾದಿಗೆ ಇಸವಿಗಳು ಗೊತ್ತಿರಲಿಲ್ಲ. ಅವರ ನೆನಪೆಲ್ಲ ರಮಝಾನ್, ಬಕ್ರೀದ್, ಮುಹರ್ರಮ್ ಲೆಕ್ಕದಲ್ಲಿತ್ತು. ಅವರು ಹೇಳಿದ್ದಾಗಿ ಫುಪ್ಪು ಹೇಳುವುದು ಎರಡು ಮಾತು. ಲಡಾಯಿ ಮುಗಿಯಿತು ಎಂಬ ಸುದ್ದಿ ರೋಝಾ ಹಿಡಿದಿದ್ದಾಗ ಬಂತು. ದಾದಾ ಮನೆಗೆ ಬಂದದ್ದು ಬಕ್ರೀದಿಗೆ ಮೊದಲು, ಆ ಬಕ್ರೀದ್ ನಮಾಝಿಗೆ ಅವರು ಈದ್ಗಾಹಿಗೆ ಹೋಗಿದ್ದರು.

ಹಿಜರಿ ವರ್ಷ ಸೂರ್ಯಮಾನಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಹಬ್ಬಗಳು ಪ್ರತಿವರ್ಷ ಅಷ್ಟು ಹಿಂದಕ್ಕೆ ಸರಿಯುತ್ತವೆ. ಆದ್ದರಿಂದ ಹಬ್ಬದ ಜೊತೆ ಒಂದು ಲೋಕಪ್ರಸಿದ್ಧ ಘಟನೆ ಸೇರಿದರೆ ಇಸವಿ ತಾನಾಗಿ ಸಿಗುತ್ತದೆ. ಹಿಜರಿ 1364ರ ರಮಝಾನ್ ಆರಂಭವಾದದ್ದು 1945ರ ಆಗಸ್ಟ್ ಎರಡನೇ ವಾರದಲ್ಲಿ. ಜಪಾನ್ ಶರಣಾಗುತ್ತದೆ ಎಂಬ ಘೋಷಣೆ ಬಂದದ್ದು ಆಗಸ್ಟ್ 15ರಂದು. ಅಂದರೆ ಆ ರಮಝಾನಿನ ಮೊದಲ ವಾರದಲ್ಲೇ. ಅದೇ ಹಿಜರಿ ವರ್ಷದ ಬಕ್ರೀದ್ ಬಿದ್ದದ್ದು 1945ರ ನವೆಂಬರ್ ಮಧ್ಯದಲ್ಲಿ. ಸಿಂಗಪುರದಲ್ಲಿ ಜಪಾನಿಯರು ವಿಧ್ಯುಕ್ತವಾಗಿ ಶರಣಾದದ್ದು ಸೆಪ್ಟೆಂಬರ್ 12ರಂದು. ಆ ಬಳಿಕವೇ ಅಲ್ಲಿನ ಕೈದಿಗಳನ್ನು ಹಡಗು ಹತ್ತಿಸಿದ್ದು. ನವೆಂಬರಿನ ಹೊತ್ತಿಗೆ ಒಬ್ಬ ಸೈನಿಕ ಶಿರಾ ಮುಟ್ಟಬಹುದೇ? ಮುಟ್ಟಬಹುದು. ಅಕ್ಷರ ಬಾರದ ಒಬ್ಬ ಹೆಂಗಸಿನ ನೆನಪು ಲೋಕದ ಇತಿಹಾಸದ ತಾರೀಖುಗಳ ಜೊತೆ ಹೀಗೆ ಸರಿಹೊಂದಿದ್ದನ್ನು ಕಂಡು ನಾವು ಬೆರಗಾದೆವು.

ಆರು ಮೂಲೆಯ ನಕ್ಷತ್ರ

ಟ್ರಂಕಿನಲ್ಲಿ ಒಂದು ಪದಕ ಉಳಿದಿತ್ತು. ಆರು ಮೂಲೆಯ ಹಳದಿ ಲೋಹದ ನಕ್ಷತ್ರ. ನಡುವೆ ಕಿರೀಟ ಮತ್ತು ದೊರೆಯ ಹೆಸರಿನ ಅಕ್ಷರಗಳು. ರಿಬ್ಬನ್ ಇಲಿ ಕಡಿದು ಹೋಗಿತ್ತು. ಆ ಯುದ್ಧಕ್ಕೆ ಕೊಟ್ಟ ನಕ್ಷತ್ರಗಳೆಲ್ಲ ನೋಡಲು ಒಂದೇ ತರಹ ಇವೆ. ವ್ಯತ್ಯಾಸ ಇರುವುದು ಸುತ್ತ ಬರೆದ ಹೆಸರಿನಲ್ಲಿ ಮತ್ತು ರಿಬ್ಬನ್ನಿನ ಬಣ್ಣದಲ್ಲಿ. ಉತ್ತರ ಆಫ್ರಿಕಾಕ್ಕೆ ಹೋದವರಿಗೆ ಆಫ್ರಿಕಾ ಸ್ಟಾರ್, ಇಟಲಿಗೆ ಹೋದವರಿಗೆ ಇಟಲಿ ಸ್ಟಾರ್, ಬರ್ಮಾದವರಿಗೆ ಬರ್ಮಾ ಸ್ಟಾರ್. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ನಮ್ಮದರಲ್ಲಿ ಕಂಡದ್ದು ಪೆಸಿಫಿಕ್ ಸ್ಟಾರ್ ಎಂಬ ಅಕ್ಷರಗಳು. 1941ರ ಡಿಸೆಂಬರ್ 8ರಿಂದ 1942ರ ಫೆಬ್ರವರಿ 15ರವರೆಗೆ ಮಲಯ ಮತ್ತು ಸಿಂಗಪುರದಲ್ಲಿ ಸೇವೆಯಲ್ಲಿದ್ದ ಸೈನಿಕರಿಗೆ ಸಲ್ಲುವ ಪದಕ ಇದು.

ಓದುಗರ ಮನೆಯಲ್ಲಿ ಇಂತಹ ಪದಕ ಇದ್ದರೆ ಒಂದು ಮಾತು. ತಿಕ್ಕುವಾಗ ನಿಧಾನಿಸಿ. ಮೊದಲ ಮಹಾಯುದ್ಧದ ದುಂಡನೆಯ ಪದಕವಾಗಿದ್ದರೆ ಅದರ ಅಂಚಿನಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ಪಡೆ ಎಲ್ಲವನ್ನೂ ಕೆತ್ತಿರುತ್ತಾರೆ. ಆ ಅಂಚೇ ನಿಮ್ಮ ದಾಖಲೆ. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರು ಆ ಯುದ್ಧದಲ್ಲಿ ಸೂಯೆಝ್ ಕಾಲುವೆಯಿಂದ ಫೆಲೆಸ್ತೀನ್‌ವರೆಗೆ ಹೋಗಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ಇದ್ದರು. ಅವರ ಸ್ಮಾರಕ ಸ್ತಂಭ ಬೆಂಗಳೂರಿನ ಜೆ.ಸಿ. ನಗರದಲ್ಲಿ ಇಂದಿಗೂ ಇದೆ.

ಜಮೀನಿನ ಕಡತದೊಳಗಿನ ಹಾಳೆ

ದಾದಾ ಅವರ ಡಿಸ್ಚಾರ್ಜ್ ಕಾಗದ ಸಿಕ್ಕಿದ್ದು ನಾವು ಯೋಚಿಸಿರದ ಜಾಗದಲ್ಲಿ. ಯುದ್ಧದಿಂದ ಬಂದ ಎಷ್ಟೋ ಮಂದಿ ದರಖಾಸ್ತಿನಲ್ಲಿ ಸರಕಾರಿ ಜಮೀನಿಗೆ ಅರ್ಜಿ ಹಾಕುತ್ತಿದ್ದರು. ಮಾಜಿ ಸೈನಿಕ ಎಂದು ತೋರಿಸಲು ಸೈನ್ಯದ ಕಾಗದವನ್ನೂ ಜೊತೆಗೆ ಇಡುತ್ತಿದ್ದರು. ಫುಪ್ಪು ಅವರ ಪಾಲಿಗೆ ಬಂದ ಎರಡೆಕರೆಯ ಹಳೇ ಸಾಗುವಳಿ ಚೀಟಿಯನ್ನು ಬಿಚ್ಚಿದಾಗ ಅದರೊಳಗೆ ಮಡಚಿದ ಒಂದು ಹಾಳೆ ಇತ್ತು. ಮೇಲಿನ ಅರ್ಧವನ್ನು ಗೆದ್ದಲು ತಿಂದಿತ್ತು. ನಂಬರಿನ ಮೊದಲ ಅಂಕಿಗಳು ಹೋಗಿದ್ದವು. ಉಳಿದ ಭಾಗದಲ್ಲಿ ತಂದೆಯ ಹೆಸರು, ತಾಲೂಕು, ಎಡಗೆನ್ನೆಯ ಮಚ್ಚೆ, ನಡತೆ ಒಳ್ಳೆಯದು ಎಂಬ ಷರಾ, ಮೈಸೂರು ಇನ್‌ಫೆಂಟ್ರಿ ಎಂಬ ಮೊಹರು ಇದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಸೇವೆಯ ಅವಧಿಯಲ್ಲಿ ಸೆರೆಯ ವರ್ಷಗಳನ್ನೂ ಬಿಡದೆ ಎಣಿಸಲಾಗಿತ್ತು.

ಈ ಮೊಹರಿನ ಅರ್ಥವನ್ನು ಸ್ವಲ್ಪ ವಿವರಿಸಬೇಕು. ಆಗ ಮೈಸೂರು ಒಂದು ಸಂಸ್ಥಾನ. ಅದಕ್ಕೆ ತನ್ನದೇ ಸೈನ್ಯವಿತ್ತು. ಯುದ್ಧ ಬಂದಾಗ ಸಂಸ್ಥಾನಗಳ ಪಡೆಗಳನ್ನು ಬ್ರಿಟಿಷರ ಕೈಕೆಳಗೆ ಹೊರದೇಶಗಳಿಗೆ ಕಳಿಸಲಾಯಿತು. ಒಂದನೇ ಮೈಸೂರು ಇನ್‌ಫೆಂಟ್ರಿ ಹೀಗೆ ಸಿಂಗಪುರಕ್ಕೆ ಹೋಯಿತು. ಸ್ವಾತಂತ್ರ್ಯದ ನಂತರ ಅದೇ ಪಡೆ ಭಾರತೀಯ ಸೇನೆಯಲ್ಲಿ ಸೇರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಆ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ.

ಸಾಮಾನ್ಯ ಸಿಪಾಯಿಗಳ ಸೇವಾ ದಾಖಲೆ ಲಂಡನ್ನಿನಲ್ಲಿರುತ್ತದೆ ಎಂದು ಹಲವರು ನಂಬಿದ್ದಾರೆ. ಅಲ್ಲಿ ಇರುವುದು ಹೆಚ್ಚಾಗಿ ಅಧಿಕಾರಿಗಳ ಕಾಗದಪತ್ರ. ಸಿಪಾಯಿ, ನಾಯಕ್, ಹವಾಲ್ದಾರರ ದಾಖಲೆ ಇದ್ದರೆ ಅವರವರ ರೆಜಿಮೆಂಟಿನ ದಾಖಲೆ ಕಚೇರಿಯಲ್ಲೇ ಇರಬೇಕು. ಅಲ್ಲಿ ಬೀಗದ ಕೈ ಎಂದರೆ ಸೈನಿಕನ ನಂಬರು. ಒಂದು ಕಚೇರಿಯಿಂದ ನಮಗೆ ಬಂದ ಉತ್ತರವೂ ಎರಡೇ ಸಾಲು: ಪೂರ್ಣ ನಂಬರು ಇಲ್ಲದೆ ಹುಡುಕಲಾಗದು. ಹಾಗಾದರೂ ನಮ್ಮ ಕೈಯಲ್ಲಿದ್ದ ಅರ್ಧ ಹಾಳೆ ಸಾಕಷ್ಟು ಹೇಳಿತ್ತು.

ಸಿಂಗಪುರದಲ್ಲಿ ಆದದ್ದು

1942ರ ಫೆಬ್ರವರಿ 15, ಭಾನುವಾರ. ಹಿಜರಿ 1361ರ ಮುಹರ್ರಮ್ ಮುಗಿಯುತ್ತಾ ಬಂದಿತ್ತು. ಆ ದಿನ ಸಿಂಗಪುರದ ಬ್ರಿಟಿಷ್ ಸೇನಾಪತಿ ಜಪಾನಿಯರಿಗೆ ಶರಣಾದರು. ಮಲಯ ಮತ್ತು ಸಿಂಗಪುರದ ಕಾಳಗದಲ್ಲಿ ಸೆರೆಸಿಕ್ಕ ಭಾರತೀಯರೇ 40 ಸಾವಿರಕ್ಕೂ ಹೆಚ್ಚು. ಎರಡು ದಿನ ಕಳೆದು, 17ರಂದು, ಭಾರತೀಯ ಸೈನಿಕರನ್ನು ಬ್ರಿಟಿಷರಿಂದ ಬೇರೆ ಮಾಡಿ ಫರ್ರರ್ ಪಾರ್ಕ್ ಮೈದಾನದಲ್ಲಿ ಸೇರಿಸಲಾಯಿತು. ಬ್ರಿಟಿಷ್ ಅಧಿಕಾರಿಯೊಬ್ಬರು ಅವರನ್ನು ಜಪಾನಿ ಮೇಜರ್ ಫುಜಿವಾರಾ ಅವರಿಗೆ ಒಪ್ಪಿಸಿ ಹೊರಟುಹೋದರು. ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದು, ಭಾರತದ ಸ್ವಾತಂತ್ರ್ಯಕ್ಕಾಗಿ ಹೊಸ ಸೈನ್ಯ ಕಟ್ಟೋಣ ಎಂದು ಕರೆ ಕೊಟ್ಟರು. ಆಝಾದ್ ಹಿಂದ್ ಫೌಜಿನ ಬೀಜ ಅದು. ಸುಭಾಷ್‌ಚಂದ್ರ ಬೋಸರು ಸಿಂಗಪುರಕ್ಕೆ ಬಂದು ಅದರ ನಾಯಕತ್ವ ವಹಿಸಿಕೊಂಡದ್ದು 1943ರ ಜುಲೈಯಲ್ಲಿ.

ಹಳ್ಳಿಯಿಂದ ಹೊಟ್ಟೆಪಾಡಿಗೆ ಹೋದ ಇಪ್ಪತ್ತೆರಡು ಇಪ್ಪತ್ಮೂರರ ಯುವಕರ ಮುಂದೆ ಹೀಗೆ ಒಂದು ಪ್ರಶ್ನೆ ಬಂದು ನಿಂತಿತು. ಸೇರುವುದೋ ಬೇಡವೋ? ಸಾವಿರಾರು ಮಂದಿ ಸೇರಿದರು. ಸಾವಿರಾರು ಮಂದಿ ಸೇರಲಿಲ್ಲ. ಸೇರಿದವರಲ್ಲಿ ದೇಶಕ್ಕಾಗಿ ಪ್ರಾಣ ಕೊಡಲು ನಿಂತವರಿದ್ದರು, ಹಸಿವಿನಿಂದ ತಪ್ಪಿಸಿಕೊಳ್ಳಲು ಸೇರಿದವರೂ ಇದ್ದರು. ಸೇರದವರಲ್ಲಿ ಮಾಡಿದ ಪ್ರಮಾಣ ಮುರಿಯಬಾರದು ಎಂದವರಿದ್ದರು, ಜಪಾನಿಯರನ್ನು ನಂಬದವರಿದ್ದರು. ಸೇರದವರನ್ನು ಬಂದರು, ವಿಮಾನ ನಿಲ್ದಾಣಗಳ ಕೂಲಿಗೆ ಹಚ್ಚಿದರು. ಸಾವಿರಾರು ಮಂದಿಯನ್ನು ಹಡಗಿನಲ್ಲಿ ತುಂಬಿ ನ್ಯೂಗಿನಿ, ನ್ಯೂಬ್ರಿಟನ್‌ನಂತಹ ದೂರದ ದ್ವೀಪಗಳಿಗೆ ಸಾಗಿಸಿದರು. ಅಲ್ಲಿ ಹಸಿವು ಮತ್ತು ರೋಗಕ್ಕೆ ಸತ್ತವರು ಬಹಳ.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಬಂದಿಗಳಾಗಿದ್ದ ಭಾರತೀಯ ಸೈನಿಕರನ್ನು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಎಂದು ಮೂರು ಪಟ್ಟಿ ಮಾಡಿದರು. ಫೌಜನ್ನು ಮನಸಾರೆ ಸೇರಿದವರು ಎಂದು ಕಂಡವರು ಕಪ್ಪು. ಅವರನ್ನು ವಜಾ ಮಾಡಿ, ಸೆರೆಯ ಕಾಲದ ಸಂಬಳವನ್ನು ಮುಟ್ಟುಗೋಲು ಹಾಕಿಕೊಂಡರು. ಆ ಬಾಕಿ ಸಂಬಳದ ವಿಷಯ ಸ್ವಾತಂತ್ರ್ಯದ ನಂತರವೂ ವರ್ಷಗಟ್ಟಲೆ ಎಳೆಯಿತು. ಈ ಹಿನ್ನೆಲೆಯಲ್ಲಿ ನಮ್ಮ ಅರ್ಧ ಹಾಳೆಯನ್ನು ಓದಬೇಕು. ಸೆರೆಯ ವರ್ಷಗಳನ್ನು ಸೇವೆಯೆಂದೇ ಲೆಕ್ಕ ಹಿಡಿದಿದ್ದಾರೆ. ನಡತೆ ಒಳ್ಳೆಯದು ಎಂದು ಬರೆದಿದ್ದಾರೆ. ಪದಕ ಕೊಟ್ಟಿದ್ದಾರೆ. ಇವೆಲ್ಲ ಹೇಳುವುದು ಒಂದೇ ಮಾತು. ಫುಪ್ಪು ಹೇಳಿದ ಚಿಕ್ಕ ಕಥೆಯೇ ನಿಜ. ದಾದಾ ಮೂರೂವರೆ ವರ್ಷ ಕೈದಿಯಾಗಿ ಮೂಟೆ ಹೊತ್ತು ಬದುಕಿ ಬಂದವರು.

ಇದರಿಂದ ದಾದಾ ಚಿಕ್ಕವರಾದರೇ? ನಮಗೆ ಹಾಗನ್ನಿಸಲಿಲ್ಲ. ಫೌಜು ಸೇರಿದವರ ತ್ಯಾಗ ದೊಡ್ಡದು. ಅವರಲ್ಲಿ ಮೇಜರ್ ಜನರಲ್ ಶಾಹನವಾಝ್ ಖಾನರಂತಹ ನಮ್ಮ ಸಮುದಾಯದವರೂ ಮುಂಚೂಣಿಯಲ್ಲಿದ್ದರು. 1945ರ ಕೊನೆಯಲ್ಲಿ ದಿಲ್ಲಿಯ ಕೆಂಪುಕೋಟೆಯಲ್ಲಿ ಅವರನ್ನೂ ಸಹಗಲ್, ಧಿಲ್ಲೋನ್ ಅವರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದಾಗ ಇಡೀ ದೇಶ ಅವರ ಪರ ನಿಂತಿತು. ಆ ಗೌರವ ಅವರದ್ದು. ಅದರಲ್ಲಿ ಒಂದು ಚೂರನ್ನು ತೆಗೆದು ದಾದಾ ಅವರ ಹೆಸರಿಗೆ ಅಂಟಿಸಿದರೆ ಇಬ್ಬರಿಗೂ ಅನ್ಯಾಯ. ಬಡೇ ಅಬ್ಬಾ ಅವರಿಗೆ ಹಾಳೆಯನ್ನು ಓದಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ವರ್ಷದಿಂದ ಅವರು ಮೈಕಿನಲ್ಲಿ ಹಳೇ ಕಥೆ ಹೇಳುವುದನ್ನು ಬಿಟ್ಟರು. ಎಂಬತ್ತು ದಾಟಿದ ಹಿರಿಯರಿಗೆ ಅದು ಸುಲಭದ ಕೆಲಸವಲ್ಲ.

ಮರಳದ ಗೆಳೆಯ

ನಮ್ಮ ಹುಡುಕಾಟ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಫುಪ್ಪು ಇನ್ನೊಂದು ವಿಷಯ ಹೇಳಿದರು. ಈದ್ ನಮಾಝ್ ಮುಗಿಸಿ ದಾದಾ ತಮ್ಮ ಮನೆಗೆ ಬರುವ ಮೊದಲು ಹಿಂದಿನ ಬೀದಿಯ ಒಂದು ಮನೆಗೆ ಹೋಗಿ ಸಲಾಮ್ ಹೇಳಿ ಬರುತ್ತಿದ್ದರು. ಆ ಮನೆಯ ಮಗನೂ ಇವರ ಜೊತೆಗೇ ಸೈನ್ಯಕ್ಕೆ ಸೇರಿದ್ದವನು. ಅವನು ಮರಳಲಿಲ್ಲ. ಎಲ್ಲಿ, ಹೇಗೆ ಎಂಬುದು ಆ ಮನೆಯವರಿಗೆ ಗೊತ್ತಿರಲಿಲ್ಲ. ಬೇರೆ ಬೇರೆ ಶಿಬಿರದಲ್ಲಿದ್ದೆವು ಎಂದಷ್ಟೇ ದಾದಾ ಹೇಳುತ್ತಿದ್ದರಂತೆ.

ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಎಂಬ ಸಂಸ್ಥೆ 1917ರಿಂದ ಇದೆ. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಮಂದಿಯ ಹೆಸರು ಅದರ ದಾಖಲೆಯಲ್ಲಿದೆ. ಯಾರು ಬೇಕಾದರೂ ಕಾಸು ಕೊಡದೆ ಅದರ ವೆಬ್‌ಸೈಟಿನಲ್ಲಿ ಹುಡುಕಬಹುದು. ತೊಡಕು ಇರುವುದು ಹೆಸರಿನ ಕಾಗುಣಿತದಲ್ಲಿ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಶೇಖ್ ಎಂಬುದು ಶೇಕ್, ಶೈಖ್, ಷೇಕ್ ಆಗಿದೆ. ಮುಹಮ್ಮದ್ ಎಂಬುದು ಮಹಮದ್, ಮೊಹಮೆಡ್, ಮಹೋಮೆಡ್ ಆಗಿದೆ. ಸೈಯದ್ ಎಂಬುದಕ್ಕೆ ನಾಲ್ಕಾರು ರೂಪಗಳಿವೆ. ಅಬ್ದುಲ್ ಒಂದು ಕಡೆ, ಅದರ ಮುಂದಿನ ಹೆಸರು ಇನ್ನೊಂದು ಕಡೆ ಇರುತ್ತದೆ. ಊರಿನ ಹೆಸರುಗಳೂ ಹಾಗೆಯೇ. ಚಿಕ್ಕಮಗಳೂರು ಕಡೆಯವರು ತಮ್ಮ ಜಿಲ್ಲೆಯನ್ನು ಆಗಿನ ಹೆಸರಾದ ಕಡೂರು ಎಂದೇ ಹುಡುಕಬೇಕು. ಒಂದೊಂದೇ ರೂಪ ಹಾಕಿ ನೋಡುತ್ತಾ, ಕೊನೆಗೆ ಮೈಸೂರು ಇನ್‌ಫೆಂಟ್ರಿ ಎಂಬ ಪಡೆಯ ಹೆಸರಿನಿಂದ ಹುಡುಕಿದಾಗ ಆ ಹೆಸರು ಸಿಕ್ಕಿತು. ಜೊತೆಗೆ ತಂದೆಯ ಹೆಸರು, ಹೆಂಡತಿಯ ಹೆಸರು, ನಮ್ಮ ಊರು. ಸಿಂಗಪುರದ ಕ್ರಾಂಜಿ ಯುದ್ಧ ಸ್ಮಶಾನದಲ್ಲಿ ಒಂದು ಸ್ಮಾರಕವಿದೆ. ಗೋರಿಯೇ ಇಲ್ಲದ 24 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅದರ ಕಂಬಗಳಲ್ಲಿ ಕೆತ್ತಲಾಗಿದೆ. ಅವನ ಹೆಸರೂ ಅಲ್ಲಿತ್ತು.

ಅದನ್ನು ಅಚ್ಚು ಹಾಕಿಸಿ ಆ ಮನೆಗೆ ತೆಗೆದುಕೊಂಡು ಹೋದೆವು. ಈಗ ಅಲ್ಲಿ ಇರುವವರು ಅವನ ತಮ್ಮನ ಮೊಮ್ಮಕ್ಕಳು. ಅವನ ಹೆಂಡತಿ ಅದೇ ಮನೆಯಲ್ಲಿ ಮುದುಕಿಯಾಗಿ ತೀರಿಕೊಂಡಿದ್ದರು. ಕೊನೆಯವರೆಗೂ ಕೊರಳಿನ ಕರಿಮಣಿಯ ಲಚ್ಚಾ ತೆಗೆದಿರಲಿಲ್ಲವಂತೆ. ಗಂಡ ಸತ್ತನೆಂದು ಯಾರೂ ಖಚಿತವಾಗಿ ಹೇಳಿರಲಿಲ್ಲವಲ್ಲ.

ಸುದ್ದಿಯಿಲ್ಲದೆ ಕಾಣೆಯಾದ ಗಂಡನನ್ನು ಫಿಕ್ಹ್‌ನಲ್ಲಿ ಮಫ್‌ಕೂದ್ ಎನ್ನುತ್ತಾರೆ. ಹನಫಿ ಮಝ್‌ಹಬಿನ ಹಳೆಯ ಅಭಿಪ್ರಾಯದಂತೆ ಅಂತಹವನ ಹೆಂಡತಿ ಬಹುಕಾಲ ಕಾಯಬೇಕಿತ್ತು. ಆ ಕಷ್ಟವನ್ನು ಕಂಡ ಮೌಲಾನಾ ಅಶ್ರಫ್ ಅಲಿ ಥಾನವಿ(ರ) ಮೊದಲಾದ ಉಲಮಾಗಳು 1930ರ ದಶಕದ ಆರಂಭದಲ್ಲಿ ಮಾಲಿಕಿ ಮಝ್‌ಹಬಿನ ನಾಲ್ಕು ವರ್ಷದ ನಿಯಮವನ್ನು ಅಂಗೀಕರಿಸಲು ದಾರಿ ತೋರಿದರು. ಬ್ರಿಟಿಷ್ ಇಂಡಿಯಾದಲ್ಲಿ 1939ರ ಮುಸ್ಲಿಮ್ ವಿವಾಹ ವಿಸರ್ಜನೆ ಕಾಯಿದೆಯಲ್ಲೂ ಅದೇ ನಾಲ್ಕು ವರ್ಷ ಬಂತು. ಯುದ್ಧ ಶುರುವಾದ ವರ್ಷವೇ ಕಾನೂನೂ ಬಂದಿತ್ತು. ಹಾಗಿದ್ದೂ ಹಿಂದಿನ ಬೀದಿಯ ಆ ಹೆಣ್ಣುಮಗಳ ಬದುಕಿಗೆ ಅದರ ಪ್ರಯೋಜನ ಮುಟ್ಟಲಿಲ್ಲ. ಒಂದು ಸಾಲಿನ ಖಚಿತ ಮಾಹಿತಿ ಸಮಯಕ್ಕೆ ಸಿಗದಿದ್ದರೆ ಒಂದು ಜೀವ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ನಮಗೆ ಆಗ ಅರ್ಥವಾಯಿತು. ದಾಖಲೆ ಹುಡುಕುವುದು ಬರೀ ಹೆಮ್ಮೆಯ ವಿಷಯವಲ್ಲ.

ಆ ವಾರದ ಜುಮುಅ ನಮಾಝಿನ ಬಳಿಕ ಆ ಮನೆಯವರ ಕೋರಿಕೆಯಂತೆ ಇಮಾಮ್ ಸಾಹೇಬರು ಅವನ ಹೆಸರನ್ನು ತಂದೆಯ ಹೆಸರಿನೊಂದಿಗೆ ಹೇಳಿ ದುಆ ಮಾಡಿದರು. ಊರು ಬಿಟ್ಟು ಎಂಬತ್ತು ವರ್ಷ ದಾಟಿದ ಮೇಲೆ ಅವನ ಮಸೀದಿಯಲ್ಲಿ ಅವನ ಹೆಸರು ಕೇಳಿಬಂತು.

ಹುಡುಕಲು ಹೊರಡುವವರಿಗೆ

ಮೊದಲ ಪ್ರಶ್ನೆ ಇದು: ನಿಮ್ಮ ದಾದಾ ಆಗ ಯಾವ ಸರಕಾರದ ಪ್ರಜೆ? ಇಂದಿನ ಕರ್ನಾಟಕ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹಳೇ ಮೈಸೂರಿನವರು ಸಂಸ್ಥಾನದ ಪಡೆಗೂ ಸೇರಬಹುದಿತ್ತು, ಬ್ರಿಟಿಷರ ಪಡೆಗೂ ಸೇರಬಹುದಿತ್ತು. ಬೆಂಗಳೂರು ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು. ಬೀದರ್, ಕಲಬುರಗಿ, ರಾಯಚೂರಿನವರು ನಿಝಾಮರ ಪ್ರಜೆಗಳು. ನಿಝಾಮರ ಒಂದನೇ ಹೈದರಾಬಾದ್ ಇನ್‌ಫೆಂಟ್ರಿಯೂ 1941ರ ಡಿಸೆಂಬರಿನಲ್ಲಿ ಮಲಯದ ಕೋಟಾ ಬಾರು ವಿಮಾನ ನಿಲ್ದಾಣದ ಕಾವಲಿನಲ್ಲಿತ್ತು. ಬೆಳಗಾವಿ, ಧಾರವಾಡ, ವಿಜಯಪುರದವರು ಮುಂಬೈ ಪ್ರಾಂತ್ಯದವರು. ದಕ್ಷಿಣ ಕನ್ನಡ, ಬಳ್ಳಾರಿಯವರು ಮದ್ರಾಸ್ ಪ್ರಾಂತ್ಯದವರು. ಕರಾವಳಿಯ ಹಿರಿಯರಲ್ಲಿ ಹಡಗಿನ ಕೆಲಸಕ್ಕೆ ಹೋಗಿ ಮರಳದವರಿದ್ದರೆ ಸೈನ್ಯದ ಪಟ್ಟಿಯಲ್ಲಿ ಹುಡುಕಬೇಡಿ. ಯುದ್ಧದಲ್ಲಿ ಮಡಿದ ಸುಮಾರು 6 ಸಾವಿರ ಭಾರತೀಯ ನಾವಿಕರ ನೆನಪಿಗೆ ಮುಂಬೈ ಮತ್ತು ಚಿತ್ತಗಾಂಗಿನಲ್ಲಿ ಪ್ರತ್ಯೇಕ ಸ್ಮಾರಕಗಳಿವೆ.

ಎರಡನೆಯದಾಗಿ, ಪಡೆ ಗೊತ್ತಾದರೆ ಅದರ ಕೇಂದ್ರಕ್ಕೆ ಬರೆಯಿರಿ. ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ಪಡೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯನ್ನೂ ವಿಚಾರಿಸಿ. ಮೈಸೂರು ಸಂಸ್ಥಾನದ ಸರಕಾರಿ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಆಝಾದ್ ಹಿಂದ್ ಫೌಜಿನ ಮಾತು ಮನೆಯಲ್ಲಿದ್ದರೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಕಾಗದ, 1972ರಲ್ಲಿ ಕೊಟ್ಟ ತಾಮ್ರಪತ್ರ ಇದೆಯೇ ನೋಡಿ. ಇದ್ದರೆ ನಿಮ್ಮ ದೊಡ್ಡ ಕಥೆಗೆ ಗಟ್ಟಿ ಸನದ್ ಸಿಕ್ಕಂತೆ.

ಮೂರನೆಯದು ಎಲ್ಲಕ್ಕಿಂತ ತುರ್ತಿನದು. ಕಚೇರಿಯ ಕಡತ ಇನ್ನೂ ಹತ್ತು ವರ್ಷ ಕಾಯಬಹುದು. ಮನೆಯ ಹಿರಿಯರು ಕಾಯಲಾರರು. ಮನೆಯ ಹೆಣ್ಣುಮಕ್ಕಳನ್ನು ಮೊದಲು ಕೇಳಿ. ಗಂಡಸರು ಹೊರಗೆ ಕೇಳಿದ್ದನ್ನು ಹೇಳುತ್ತಾರೆ, ಫುಪ್ಪು, ಖಾಲಾ, ನಾನಿಯರು ಮನೆಯೊಳಗೆ ಕೇಳಿದ್ದನ್ನು ಹೇಳುತ್ತಾರೆ. ಯಾವ ಹಬ್ಬದ ಹಿಂದೆಮುಂದೆ ಎಂದು ಕೇಳಿ. ಯಾವ ವಿಚಿತ್ರ ಪದ ಬಳಸುತ್ತಿದ್ದರು ಎಂದು ಕೇಳಿ. ಯಾರಿಂದ ಕೇಳಿದಿರಿ ಎಂದು ಕೇಳುವುದನ್ನು ಮರೆಯಬೇಡಿ. ಉತ್ತರವನ್ನು ತಾರೀಖಿನ ಸಹಿತ ಬರೆದಿಡಿ. ಜಮೀನಿನ ಕಾಗದಗಳನ್ನು ಬಿಚ್ಚಿ ನೋಡಿ.

ನಮ್ಮ ಹಿರಿಯರು ನಮ್ಮಲ್ಲಿ ಬಿಟ್ಟುಹೋದ ಮಾತುಗಳು ಅಮಾನತ್ತು. ಅಮಾನತ್ತನ್ನು ಹೆಚ್ಚಿಸಲೂ ಬಾರದು, ಕಡಿಮೆ ಮಾಡಲೂ ಬಾರದು, ಇದ್ದ ಹಾಗೆ ಮುಂದಿನವರ ಕೈಗೆ ಒಪ್ಪಿಸಬೇಕು. ದೂರದ ನೆಲದಲ್ಲಿ ಗೋರಿಯಿಲ್ಲದೆ ಮಲಗಿದವರನ್ನೂ, ಬದುಕಿ ಬಂದು ಮೌನವಾಗಿ ಬಾಳಿದವರನ್ನೂ, ಸುದ್ದಿಗಾಗಿ ಕಾದು ಕಣ್ಣುಮುಚ್ಚಿದವರನ್ನೂ ಅಲ್ಲಾಹನು ಕ್ಷಮಿಸಲಿ, ಅವರ ದರ್ಜೆಗಳನ್ನು ಎತ್ತರಿಸಲಿ. ಆಮೀನ್.